ಡೈನಮೊ ದೀಪದ ಸೇವೆ

ಸಂಜೆಯಾದರೆ ಜತ್ತನ್ನ ಮೇಷ್ಟ್ರು ಹೆಂಡತಿ, ಮಗಳು, ಗಂಜಿ ಪಾತ್ರೆ, ಬೈಬಲ್ಲು ಎಲ್ಲವನ್ನೂ ಸೈಕಲ್ಲಿಗೆ ಹೇರಿಕೊಂಡು ಫುಟ್‌ಪಾತಿನಲ್ಲಿ ಮಲಗುವವರ ಬಳಿಗೆ ಹೊರಡುತ್ತಿದ್ದರು. ಸೈಕಲ್ಲಿನ ಡೈನಮೊ ದೀಪಕ್ಕೆ ಜಂಬವೋ ಜಂಬ: "ಕತ್ತಲಲ್ಲಿರುವವರಿಗೆ ಬೆಳಕು ಒಯ್ಯುವವನೇ ನಾನು!"

ಒಂದು ಸಂಜೆ ಬೀದಿಯ ಕರೆಂಟು ಹೋಗಿತ್ತು. ಮುದುಕಿ ಬಸಮ್ಮನ ಮುಂದೆ ಸೈಕಲ್ ನಿಂತಿತು. ಚಕ್ರ ನಿಂತದ್ದೇ ದೀಪವೂ ಆರಿತು. ಹೆಂಡತಿಗೆ ತಟ್ಟೆ ಕಾಣಲಿಲ್ಲ, ಮೇಷ್ಟ್ರಿಗೆ ಅಕ್ಷರ ಕಾಣಲಿಲ್ಲ.

"ತಡೀರಿ ಮೇಷ್ಟ್ರೇ" ಎಂದು ಬಸಮ್ಮ ತನ್ನ ಗಂಟಿನಿಂದ ಮೇಣದ ಬತ್ತಿಯ ತುಂಡೊಂದನ್ನು ತೆಗೆದು ಹಚ್ಚಿದಳು.

ಬತ್ತಿ ಕೇಳಿತು: "ಸೇವೆ ಶುರುವಾಗುವ ಹೊತ್ತಿಗೇ ಆರಿಬಿಟ್ಟೆಯಲ್ಲಣ್ಣಾ, ಏನಾಯಿತು?"

"ಏನೂ ಆಗಿಲ್ಲ ತಂಗೀ, ನಾನಿರುವುದೇ ಹೀಗೆ," ಎಂದಿತು ದೀಪ. "ದಾರಿಯುದ್ದಕ್ಕೂ ಚೆನ್ನಾಗಿಯೇ ಉರಿಯುತ್ತೇನೆ. ಯಾರ ಮುಂದಾದರೂ ನಿಂತರೆ ಮಾತ್ರ ಆರಿಹೋಗುತ್ತೇನೆ."