ಎಲ್ಲರಿಗೂ ಎಲ್ಲ ಪ್ರಶ್ನೆ

“ತಪ್ಪಿಲ್ಲದ್ದನ್ನು ತಿದ್ದುವುದು ಹೇಗೆ, ಗುರುಗಳೇ?” ಎಂದು ಮಡಿವಾಳಯ್ಯ ಕೇಳಿದ.

ಬೆಳಗಿನ ಪೂಜೆ ಮುಗಿಸಿ ಪಾಠಕ್ಕೆ ಕುಳಿತಿದ್ದೆವು. ನಮ್ಮ ಗುರುಗಳು ಮಠಕ್ಕೆ ಬರುವ ಮೊದಲು ಕಾಲೇಜಿನಲ್ಲಿ ಕಂಪ್ಯೂಟರ್ ವಿಷಯ ಕಲಿಸುತ್ತಿದ್ದವರು. ಕಾವಿ ಉಟ್ಟ ಮೇಲೂ ಆ ಪಾಠವನ್ನು ಬಿಡಲಿಲ್ಲ. ಬಂದವರಿಗೆ ವಿಭೂತಿ ಕೊಟ್ಟ ಕೈಯಿಂದಲೇ ಹಲಗೆಯ ಮೇಲೆ ಬರೆದು ತೋರಿಸುತ್ತಿದ್ದರು. ಎರಡೂ ಶಿವನ ಸೇವೆಯೇ ಎಂಬುದು ಅವರ ನಂಬಿಕೆ. ಅವರ ಬಳಿ ಕುಳಿತ ನಮಗೂ ಹಾಗೆಯೇ ಅನಿಸುತ್ತಿತ್ತು.

ಮಡಿವಾಳಯ್ಯ ಆಗ ಒಂದು ಕಂಪೈಲರ್ ಬರೆಯುತ್ತಿದ್ದ. ಮನುಷ್ಯರು ಬರೆದ ಪ್ರೋಗ್ರಾಮನ್ನು ಯಂತ್ರಕ್ಕೆ ತಿಳಿಯುವ ಸಣ್ಣ ಸಣ್ಣ ಆದೇಶಗಳಾಗಿ ಬದಲಿಸುವುದು ಅದರ ಕೆಲಸ. ‘ಇದು ನಿಜವಾಗಿದ್ದರೆ, ಇಲ್ಲವೇ ಅದು ನಿಜವಾಗಿ ಇನ್ನೊಂದು ಸುಳ್ಳಾಗಿದ್ದರೆ, ಹೀಗೆ ಮಾಡು’ ಎಂಬಂಥ ಷರತ್ತು ಬಂದಾಗ ಅವನ ಕಂಪೈಲರ್ ಅದರ ಒಂದು ಭಾಗವನ್ನೂ ಬಿಡುತ್ತಿರಲಿಲ್ಲ. ಪ್ರತಿಯೊಂದನ್ನೂ ಪರೀಕ್ಷಿಸುತ್ತಿತ್ತು. ನಿಜವಾದರೆ ಒಂದು, ಸುಳ್ಳಾದರೆ ಸೊನ್ನೆ ಎಂದು ರಿಜಿಸ್ಟರು ಎಂಬ ಯಂತ್ರದೊಳಗಿನ ಪುಟ್ಟ ಗೂಡುಗಳಲ್ಲಿ ಇಟ್ಟುಕೊಳ್ಳುತ್ತಿತ್ತು. ಅವನ್ನೆಲ್ಲ ಜೋಡಿಸಿ ಕೊನೆಗೊಂದು ಉತ್ತರ ಮಾಡಿ, ಆ ಉತ್ತರವನ್ನು ಮತ್ತೊಮ್ಮೆ ನೋಡಿ, ಆಮೇಲೆ ಎತ್ತ ಹೋಗಬೇಕೆಂದು ತೀರ್ಮಾನಿಸುತ್ತಿತ್ತು.

“ಉತ್ತರ ಯಾವಾಗಲೂ ಸರಿ ಬರುತ್ತದೆ. ಆದರೆ ನಿಧಾನ. ಜೊತೆಯವರು ನನ್ನ ಕಂಪೈಲರಿಗೆ ಎತ್ತಿನ ಗಾಡಿ ಅಂತ ಹೆಸರಿಟ್ಟಿದ್ದಾರೆ” ಎಂದ.

“ಎತ್ತುಗಳು ಕೇಳಿಸಿಕೊಂಡರೆ ಬೇಸರ ಮಾಡಿಕೊಂಡಾವು” ಎಂದರು ಗುರುಗಳು. ಆಮೇಲೆ ಈ ಕತೆ ಹೇಳಿದರು.

ಒಂದು ಬೆಟ್ಟ. ಬೆಟ್ಟದ ಮೇಲೆ ದೇವರು. ಕೆಳಗೆ ಒಂದು ಮಂಟಪ, ಮಂಟಪದ ಪಕ್ಕದಲ್ಲಿ ಒಂದು ಆರೈಕೆ ಮನೆ. ಆರೈಕೆ ಮನೆಯಲ್ಲಿ ಹಾಸಿಗೆ, ಗಂಜಿ, ಒಬ್ಬ ವೈದ್ಯ. ದೂರದಿಂದ ನಡೆದು ಬಂದವರಲ್ಲಿ ಕೆಲವರು ಬೆಟ್ಟ ಹತ್ತುವಾಗ ಅರ್ಧದಲ್ಲೇ ಕುಸಿಯುತ್ತಿದ್ದರು. ಅದನ್ನು ನೋಡಿ ಅಲ್ಲಿಯ ಹಿರಿಯ ಸ್ವಾಮಿಗಳು ಒಂದು ಆಜ್ಞೆ ಮಾಡಿದರು.

“ಜ್ವರ ಇದ್ದವರನ್ನು, ಇಲ್ಲವೇ ವಯಸ್ಸಾಗಿದ್ದು ಗಟ್ಟಿಯಾದ ಜೊತೆಗಾರರಿಲ್ಲದವರನ್ನು ಆರೈಕೆ ಮನೆಗೆ ಕಳಿಸಿ. ಉಳಿದವರು ಬೆಟ್ಟ ಹತ್ತಲಿ.”

ಆಜ್ಞೆಯನ್ನು ನಡೆಸುವ ಹೊಣೆ ಪಾರುಪತ್ಯಗಾರನದು. ಅವನು ದೊಡ್ಡ ಭಕ್ತ. ಗುರುವಿನ ಬಾಯಿಂದ ಬಂದ ಒಂದು ಪದವನ್ನೂ ಕಳೆದುಕೊಳ್ಳಬಾರದು ಎನ್ನುವವನು. ಆಜ್ಞೆಯನ್ನು ಬಿಡಿಸಿ ನಾಲ್ಕು ಪ್ರಶ್ನೆ ಮಾಡಿದ. ಜ್ವರವಿದೆಯೇ? ವಯಸ್ಸಾಗಿದೆಯೇ? ಜೊತೆಗಾರರಿದ್ದಾರೆಯೇ? ಆ ಜೊತೆಗಾರರು ಗಟ್ಟಿಯಾಗಿದ್ದಾರೆಯೇ? ಒಂದೊಂದು ಪ್ರಶ್ನೆಗೆ ಒಬ್ಬೊಬ್ಬ ಸೇವಕನನ್ನು ಮಂಟಪದಲ್ಲಿ ನಿಲ್ಲಿಸಿದ. ಸೇವಕರು ಸರಳ ಜನ. ಒಬ್ಬೊಬ್ಬರಿಗೆ ಒಂದೇ ಪ್ರಶ್ನೆ ಕೇಳಲು ಬರುತ್ತಿತ್ತು.

ಆ ದೇವರ ಮುಂದೆ ಹೂ ಕೇಳುವ ಪದ್ಧತಿ ಇತ್ತು. ಕೆಂಪು ಹೂ ಬಿದ್ದರೆ ಹೌದು, ಬಿಳಿ ಹೂ ಬಿದ್ದರೆ ಅಲ್ಲ. ಪಾರುಪತ್ಯಗಾರ ಮಂಟಪದಲ್ಲೂ ಅದನ್ನೇ ತಂದ. ಯಾತ್ರಿಕ ಅಂಗೈ ಒಡ್ಡಬೇಕು. ಪ್ರತಿ ಪ್ರಶ್ನೆಗೂ ಸೇವಕ ಒಂದು ಹೂ ಇಡಬೇಕು. ನಾಲ್ಕು ಹೂ ಆದ ಮೇಲೆ ಮುಂದೆ ಕುಳಿತವರು ಅವನ್ನು ಜೋಡಿಸಬೇಕು. ಒಬ್ಬ ಜೊತೆಗಾರರ ಎರಡು ಹೂ ತೆಗೆದುಕೊಂಡು ಒಂದು ಹೂ ಕೊಡುವವನು. ಆಜ್ಞೆಯಲ್ಲಿ ‘ಇಲ್ಲದವರನ್ನು’ ಎಂಬ ಪದವಿದೆಯಲ್ಲ, ಅದಕ್ಕಾಗಿ ಇನ್ನೊಬ್ಬ ಆ ಹೂವನ್ನು ಬದಲಿಸುವವನು: ಕೆಂಪು ತಂದವರಿಗೆ ಬಿಳಿ, ಬಿಳಿ ತಂದವರಿಗೆ ಕೆಂಪು. ಮತ್ತೊಬ್ಬ ಅದನ್ನು ವಯಸ್ಸಿನ ಹೂವಿನ ಜೊತೆ ಕೂಡಿಸುವವನು. ಕೊನೆಯವನು ಅದನ್ನು ಜ್ವರದ ಹೂವಿನ ಜೊತೆ ಕೂಡಿಸಿ, ಅಂಗೈಯಲ್ಲಿ ಒಂದೇ ಒಂದು ಹೂ ಉಳಿಸುವವನು. ಆ ಹೂ ಹಿಡಿದು ಯಾತ್ರಿಕ ಬಾಗಿಲಿಗೆ ಹೋಗಬೇಕು. ಬಾಗಿಲಲ್ಲಿ ನಿಂತವನು ಹೂ ನೋಡುತ್ತಾನೆ. ಕೆಂಪಾದರೆ ಆರೈಕೆ ಮನೆ, ಬಿಳಿಯಾದರೆ ಬೆಟ್ಟ.

ಏರ್ಪಾಟು ನಡೆಯಿತು. ಒಬ್ಬರೂ ತಪ್ಪು ಕಡೆಗೆ ಹೋಗಲಿಲ್ಲ. ಪಾರುಪತ್ಯಗಾರ ಪ್ರತಿದಿನ ದೇವರಿಗೆ ಕೈಮುಗಿದು, “ನಿನ್ನ ಕೃಪೆ, ಎಲ್ಲ ಸರಿಯಾಗಿದೆ” ಎನ್ನುತ್ತಿದ್ದ.

ಒಂದು ದಿನ ಒಬ್ಬ ನೇಕಾರ ಬಂದ. ಮೈ ಸುಡುತ್ತಿತ್ತು. ಹೆಂಡತಿ ಅವನ ತೋಳಿಗೆ ಹೆಗಲು ಕೊಟ್ಟು ನಡೆಸಿಕೊಂಡು ಬಂದಿದ್ದಳು. ಮೊದಲನೆಯ ಸೇವಕ ಅವನ ಹಣೆ ಮುಟ್ಟಿ ನೋಡಿ ಕೈ ಹಿಂದಕ್ಕೆ ಎಳೆದುಕೊಂಡ. ಕೆಂಪು ಹೂ ಕೊಟ್ಟ. “ಮುಂದೆ ಹೋಗಿ” ಎಂದ.

“ಹಾಸಿಗೆ ಎಲ್ಲಿದೆಯಪ್ಪ?” ಎಂದು ಹೆಂಡತಿ ಕೇಳಿದಳು.

“ಇನ್ನೂ ಮೂರು ಪ್ರಶ್ನೆ ಇದೆ ತಾಯಿ.”

ಸಾಲು ಸರಿಯಲಿಲ್ಲ. ಅವರ ಮುಂದೆ ಒಬ್ಬ ಮುದುಕ ಇದ್ದ. ಎರಡನೆಯ ಸೇವಕ ಅವನಿಗೆ ವಯಸ್ಸಾಗಿದೆಯೇ ಎಂದು ಕೇಳಿದ.

“ನನ್ನ ಬಾಯಲ್ಲಿ ಹಲ್ಲು ಹುಡುಕು. ಸಿಕ್ಕರೆ ಆಗಿಲ್ಲ ಅಂತ ಬರಕೊ” ಎಂದ ಮುದುಕ. ಸಾಲಿನಲ್ಲಿದ್ದವರು ನಕ್ಕರು. ಅವನಿಗೆ ಕೆಂಪು ಹೂ ಸಿಕ್ಕಿತು. ಮೂರನೆಯವನು ಜೊತೆಗಾರರಿದ್ದಾರೆಯೇ ಎಂದು ಕೇಳಿದ. ಇಲ್ಲ ಎಂದ. ಬಿಳಿ ಹೂ ಸಿಕ್ಕಿತು. ನಾಲ್ಕನೆಯವನು, “ನಿಮ್ಮ ಜೊತೆಗಾರರು ಗಟ್ಟಿಯಾಗಿದ್ದಾರೆಯೇ?” ಎಂದು ಕೇಳಿದ.

ಮುದುಕ ಅವನ ಮುಖ ನೋಡಿದ. “ಇಲ್ಲದವರು ಗಟ್ಟಿ ಇದ್ದಾರೋ ಅಂತ ಕೇಳ್ತೀಯಲ್ಲಪ್ಪ. ಏನು ಹೇಳಲಿ? ನನ್ನವಳು ಇದ್ದಷ್ಟು ದಿನ ಗಟ್ಟಿಗಿತ್ತಿಯೇ ಆಗಿದ್ದಳು.”

ಸೇವಕನಿಗೆ ಯಾವ ಹೂ ಕೊಡಬೇಕೆಂದು ತಿಳಿಯಲಿಲ್ಲ. ಕೆಂಪು ತೆಗೆದ, ಇಟ್ಟ. ಬಿಳಿ ತೆಗೆದ, ಇಟ್ಟ. ಇಂಥ ಉತ್ತರಕ್ಕೆ ಅವನ ಬುಟ್ಟಿಯಲ್ಲಿ ಹೂವೇ ಇರಲಿಲ್ಲ. ಪಾರುಪತ್ಯಗಾರನನ್ನು ಕರೆಯಲು ಒಬ್ಬ ಹೋದ. ಸಾಲು ನಿಂತಿತು. ಪಾರುಪತ್ಯಗಾರ ಬಂದು, ಯೋಚಿಸಿ, ಬಿಳಿ ಹೂ ಕೊಡಿಸಿದ. ಸಾಲು ಮತ್ತೆ ಹೊರಟಿತು.

ನೇಕಾರನಿಗೆ ವಯಸ್ಸಾಗಿದೆಯೇ ಎಂದು ಕೇಳಿದರು. ಜೊತೆಗಾರರಿದ್ದಾರೆಯೇ ಎಂದು ಕೇಳಿದರು. ಅವನನ್ನು ಹೊತ್ತು ನಿಂತವಳನ್ನು ನೋಡುತ್ತಲೇ, ಜೊತೆಗಾರರು ಗಟ್ಟಿಯೇ ಎಂದೂ ಕೇಳಿದರು. ಆಮೇಲೆ ಹೂ ಜೋಡಿಸಿದರು, ಬದಲಿಸಿದರು, ಕೂಡಿಸಿದರು. ಕೊನೆಯ ಹೂವನ್ನು ಮುಷ್ಟಿಯಲ್ಲಿ ಹಿಡಿದು ಬಾಗಿಲಿನತ್ತ ನಡೆಯುವಾಗ ನೇಕಾರ ಬಿದ್ದ. ಆರೈಕೆ ಮನೆಗೆ ಹೊತ್ತುಕೊಂಡು ಹೋದರು. ವೈದ್ಯ ಮೂಗಿನ ಹತ್ತಿರ ಬೆರಳಿಟ್ಟು ನೋಡಿ, ತಲೆ ತಗ್ಗಿಸಿದ.

ಹೆಂಡತಿ ಅಳಲಿಲ್ಲ. ಪಾರುಪತ್ಯಗಾರನನ್ನು ಒಂದೇ ಮಾತು ಕೇಳಿದಳು. “ಜ್ವರ ಅಂತ ಮೊದಲನೆಯವರಿಗೇ ಗೊತ್ತಾಯಿತಲ್ಲ, ಅಪ್ಪಾ. ಆಮೇಲೆ ಕೇಳಿದ್ದೆಲ್ಲ ಯಾರಿಗಾಗಿ?”

ಪಾರುಪತ್ಯಗಾರ ಆ ದಿನ ಪ್ರಸಾದ ಮುಟ್ಟಲಿಲ್ಲ. ದೇವರ ಮುಂದೆ ಕುಳಿತು ಆಜ್ಞೆಯನ್ನು ಮತ್ತೆ ಮತ್ತೆ ಹೇಳಿಕೊಂಡ. ಹೇಳಿಕೊಳ್ಳುತ್ತಾ ಅವನಿಗೆ ಕಂಡಿತು: ಕಳಿಸಿ ಎಂದಿದೆ, ಹತ್ತಲಿ ಎಂದಿದೆ, ಹೂ ಕೊಡಿ ಎಂದು ಎಲ್ಲೂ ಇಲ್ಲ. ಸ್ವಾಮಿಗಳಿಗೆ ಬೇಕಾಗಿದ್ದು ಉತ್ತರವಲ್ಲ, ದಾರಿ.

ಮರುದಿನ ಅವನು ಹೂವಿನ ಬುಟ್ಟಿಗಳನ್ನು ಗರ್ಭಗುಡಿಗೆ ಕಳಿಸಿದ. ಸೇವಕರನ್ನು ಕರೆದು, “ಇನ್ನು ಮೇಲೆ ಕೇಳಿ, ಕೇಳಿದ ಕೂಡಲೇ ಕೈ ತೋರಿಸಿ. ಹೌದೆಂದರೆ ಎತ್ತ, ಅಲ್ಲವೆಂದರೆ ಎತ್ತ, ಎರಡನ್ನೂ ನಾನು ಹೇಳಿಕೊಡುತ್ತೇನೆ” ಎಂದ. ಜ್ವರ ಇದೆ ಎಂದವನಿಗೆ ಮೊದಲನೆಯ ಸೇವಕನೇ ಆರೈಕೆ ಮನೆ ತೋರಿಸಿದ. ವಯಸ್ಸಾಗಿಲ್ಲ ಎಂದವನಿಗೆ ಎರಡನೆಯವನೇ ಬೆಟ್ಟ ತೋರಿಸಿದ. ಜೊತೆಗಾರರಿಲ್ಲ ಎಂದ ಮುದುಕರನ್ನು ಮೂರನೆಯವನೇ ಒಳಗೆ ಕಳಿಸಿದ. ಇರುವ ಜೊತೆಗಾರರ ಗಟ್ಟಿತನವನ್ನು ಮಾತ್ರ ನಾಲ್ಕನೆಯವನು ಕೇಳಿದ. ಇಲ್ಲದವರ ಮಾತು ಅವನ ತನಕ ಬರಲೇ ಇಲ್ಲ.

ಪ್ರಶ್ನೆಗಳ ಕ್ರಮವನ್ನು ಮಾತ್ರ ಪಾರುಪತ್ಯಗಾರ ಹಿಂದುಮುಂದು ಮಾಡಲಿಲ್ಲ. ಜೊತೆಗಾರರಿದ್ದಾರೆಯೇ ಎಂದು ತಿಳಿಯದೆ ಅವರ ಗಟ್ಟಿತನ ಕೇಳಿದರೆ ಏನಾಗುತ್ತದೆಂದು ಅವನು ನೋಡಿದ್ದ.

ಹೂ ಬದಲಿಸುವವನು ಬಂದು ಕೈಕಟ್ಟಿ ನಿಂತ. “ಬುದ್ಧೀ, ‘ಇಲ್ಲದವರನ್ನು’ ಅನ್ನುವ ಪದ ಈಗಲೂ ಆಜ್ಞೆಯಲ್ಲಿ ಇದೆಯಲ್ಲ. ಅದನ್ನು ಯಾರು ಮಾಡುತ್ತಾರೆ?”

“ನಾಲ್ಕನೆಯವನಿಗೆ ಎರಡು ದಾರಿಯನ್ನು ಅದಲುಬದಲು ಹೇಳಿಕೊಟ್ಟಿದ್ದೇನೆ. ಗಟ್ಟಿ ಅಂದರೆ ಬೆಟ್ಟ, ಅಲ್ಲ ಅಂದರೆ ಹಾಸಿಗೆ. ಆ ಪದ ಅಲ್ಲಿಗೆ ಮುಗಿಯಿತು.”

“ಹಾಗಾದರೆ ನಾನು?”

“ನೀನು ಒಳಗೆ ಹೋಗಿ ನೀರು ಕೊಡು.”

ಆದರೂ ಮಂಟಪದಲ್ಲಿ ನೂಕುನುಗ್ಗಲು ಇತ್ತು. ಸೇವಕರು ನಿಂತ ಜಾಗ ಹಳೆಯದೇ. ಬಂದವರಲ್ಲಿ ಬಹಳಷ್ಟು ಮಂದಿ ಆರೋಗ್ಯವಂತರು, ಹರೆಯದವರು. ಅವರೂ ಮೊದಲ ಇಬ್ಬರು ಸೇವಕರ ಮುಂದೆ ಕೈ ನೋಡಿ ತಿರುಗಬೇಕಿತ್ತು. ಅತ್ತ ತಿರುಗು, ಇತ್ತ ತಿರುಗು ಎಂದು ಅವರಿಗೇ ತಲೆ ತಿರುಗುತ್ತಿತ್ತು. ಪಾರುಪತ್ಯಗಾರ ಒಂದು ದಿನ ಮಂಟಪದ ಕಂಬಕ್ಕೆ ಒರಗಿ ಜನರ ಕಾಲುಗಳನ್ನೇ ನೋಡಿದ. ಆಮೇಲೆ ಸೇವಕರನ್ನು ಬೆಟ್ಟದ ದಾರಿಯ ಪಕ್ಕದಲ್ಲೇ ತಂದು ನಿಲ್ಲಿಸಿದ. “ಇನ್ನು ಎಲ್ಲರಿಗೂ ಕೈ ತೋರಿಸಬೇಡಿ. ತಿರುಗಬೇಕಾದವರಿಗೆ ಮಾತ್ರ ತೋರಿಸಿ. ಉಳಿದವರು ನಡೆಯುತ್ತಿದ್ದ ಹಾಗೆಯೇ ನಡೆಯಲಿ” ಎಂದ. ಜ್ವರ ಇದ್ದವರು ಆರೈಕೆ ಮನೆಗೆ, ವಯಸ್ಸಾದವರು ಪಕ್ಕದ ದಾರಿಗೆ ತಿರುಗಿದರು. ಆ ದಾರಿಯಲ್ಲಿ ಉಳಿದ ಎರಡು ಪ್ರಶ್ನೆ. ಕೊನೆಯ ಪ್ರಶ್ನೆಯ ಎದುರಿಗೇ ಆರೈಕೆ ಮನೆಯ ಬಾಗಿಲು. ಜೊತೆಗಾರರು ಗಟ್ಟಿಯಲ್ಲ ಎಂದವರು ಎಲ್ಲೂ ತಿರುಗದೆ ನೇರ ಒಳಗೆ ಕಾಲಿಡುತ್ತಿದ್ದರು. ಹರೆಯದವರಂತೂ ನಿಂತೆವೆಂಬುದೇ ತಿಳಿಯದೆ ಮೆಟ್ಟಿಲು ಹತ್ತುತ್ತಿದ್ದರು.

ಒಂದು ಅಳುಕು ಮಾತ್ರ ಪಾರುಪತ್ಯಗಾರನಿಗೆ ಉಳಿಯಿತು. ಹಿರಿಯ ಸ್ವಾಮಿಗಳ ಬಳಿಗೆ ಹೋಗಿ ಅಡ್ಡಬಿದ್ದ.

“ಬುದ್ಧೀ, ನಿಮ್ಮ ಆಜ್ಞೆಯ ಎಲ್ಲ ಮಾತನ್ನೂ ಈಗ ಎಲ್ಲರಿಗೂ ಕೇಳುತ್ತಿಲ್ಲ.”

“ಆರೈಕೆ ಮನೆಗೆ ಬರಬೇಕಾದವರು ಯಾರಾದರೂ ಹೊರಗೆ ಉಳಿದರೋ?”

“ಇಲ್ಲ.”

“ಬೆಟ್ಟಕ್ಕೆ ಹೋಗಬೇಕಾದವರನ್ನು ಮಲಗಿಸಿದೆಯೋ?”

“ಇಲ್ಲ.”

“ಹಾಗಾದರೆ ನನ್ನ ಮಾತು ನಡೆದಿದೆ. ಏಳು” ಎಂದರು ಸ್ವಾಮಿಗಳು.

ಗುರುಗಳು ಕತೆ ನಿಲ್ಲಿಸಿದರು. ಮಡಿವಾಳಯ್ಯ ಹಲಗೆಯ ಮೇಲೆ ತನ್ನ ಷರತ್ತನ್ನು ಬರೆದುಕೊಂಡು ಬಹಳ ಹೊತ್ತು ನೋಡುತ್ತಿದ್ದ. ಅವನು ಜಾಣ. ಕತೆ ಎಲ್ಲಿಗೆ ಬಂದು ಮುಟ್ಟಿತೆಂಬುದು ಅವನಿಗೆ ತಿಳಿದಿತ್ತು.

“ಅಂದರೆ ನನ್ನ ಕಂಪೈಲರ್ ಒಂದೋ ಸೊನ್ನೆಯೋ ಎಂದು ಬರೆದಿಡುವ ಗೋಜಿಗೇ ಹೋಗಬಾರದು” ಎಂದ. “ಪ್ರತಿ ಪರೀಕ್ಷೆಗೂ ಎರಡು ವಿಳಾಸ ಕೊಡಬೇಕು: ನಿಜವಾದರೆ ಎಲ್ಲಿಗೆ ಜಿಗಿಯಬೇಕು, ಸುಳ್ಳಾದರೆ ಎಲ್ಲಿಗೆ. ‘ಇಲ್ಲವೇ’ ಎಂದಿರುವ ಕಡೆ ಮೊದಲನೆಯದು ನಿಜವಾದರೆ ಎರಡನೆಯದನ್ನು ಮುಟ್ಟದೆ ಹೊರಗೆ ಜಿಗಿಯಬೇಕು. ‘ಮತ್ತು’ ಎಂದಿರುವ ಕಡೆ ಮೊದಲನೆಯದು ಸುಳ್ಳಾದರೆ ಹಾಗೆ. ‘ಅಲ್ಲ’ ಎಂಬುದಕ್ಕೆ ಯಂತ್ರದಲ್ಲಿ ಒಂದು ಆದೇಶವೂ ಬೇಡ, ವಿಳಾಸಗಳನ್ನು ಅದಲುಬದಲು ಮಾಡಿದರೆ ಸಾಕು.”

“ಹ್ಞೂಂ.”

“ಆದೇಶಗಳನ್ನು ಜೋಡಿಸುವಾಗ ಹೆಚ್ಚು ಸಲ ನಡೆಯುವ ದಾರಿ ಸಾಲಾಗಿ ಕೆಳಗೇ ಬರಬೇಕು. ಜಿಗಿತ ಅಪರೂಪಕ್ಕೆ ಮಾತ್ರ. ಅದಕ್ಕಾಗಿ ಬೇಕಾದರೆ ಪರೀಕ್ಷೆಯನ್ನೇ ತಿರುವಿ ಹಾಕಬೇಕು.”

“ಹ್ಞೂಂ.”

“ಮತ್ತೆ, ಆ ಹೌದು ಅಲ್ಲ ಎಂಬುದನ್ನು ಪ್ರೋಗ್ರಾಂ ಬರೆದವನು ಒಂದು ಹೆಸರಿನಲ್ಲಿ ಇಟ್ಟುಕೊಂಡು ಆಮೇಲೆ ಬಳಸುವವನಿದ್ದರೆ?”

“ಆಗ ಹೂ ಕೊಡು. ಕೇಳಿದವನಿಗೆ ಕೊಡದೆ ಇರಬಾರದು. ಕೇಳದವನ ಕೈಗೆ ತುರುಕಲೂಬಾರದು.”

ಮಡಿವಾಳಯ್ಯ ತಲೆಯಾಡಿಸಿದ. ಹಲಗೆ ಒರೆಸಿದ. ಏಳಲು ಹೋದವನು ಮತ್ತೆ ಕುಳಿತ. ವರ್ಷಗಟ್ಟಲೆ ಕಷ್ಟಪಟ್ಟು ಕಟ್ಟಿದ್ದನ್ನು ಕೆಡವಬೇಕೆಂದರೆ ಯಾರಿಗಾದರೂ ಸಂಕಟವೇ. ಅವನ ದನಿಯಲ್ಲಿ ಅದು ಕೇಳಿಸಿತು.

“ಬದಲಿಸುತ್ತೇನೆ, ಗುರುಗಳೇ. ಆದರೆ ಒಂದು ಮಾತು. ಈವರೆಗೆ ನನ್ನ ಕಂಪೈಲರ್ ಒಂದು ಸಲವೂ ತಪ್ಪು ಉತ್ತರ ಕೊಟ್ಟಿಲ್ಲ. ಅದನ್ನಾದರೂ ಒಪ್ಪುತ್ತೀರಲ್ಲ?”

“ಒಪ್ಪುತ್ತೇನಪ್ಪ” ಎಂದರು ಗುರುಗಳು. “ಸತ್ತ ನೇಕಾರನ ಮುಷ್ಟಿ ಬಿಡಿಸಿ ನೋಡಿದಾಗ, ಅದರಲ್ಲಿದ್ದದ್ದು ಕೆಂಪು ಹೂವೇ.”