ದರ್ಜಿ ತನ್ನ ಕಾಲನ್ನು ಅಳೆದದ್ದು

ಮಠದ ದಾಸೋಹ ನೋಡಿಕೊಳ್ಳುತ್ತಿದ್ದ ಶಿಷ್ಯನೊಬ್ಬ ಗುರುಗಳನ್ನು ಕೇಳಿದ:

"ಬುದ್ಧೀ, ದಿನವೂ ಸಂಜೆ ಪೂಜೆ ಮುಗಿದ ಮೇಲೆ ಒಬ್ಬನೇ ಕೂತು ನನ್ನನ್ನು ನಾನು ಪರೀಕ್ಷೆ ಮಾಡಿಕೊಳ್ಳುತ್ತೇನೆ. ಯಾರನ್ನಾದರೂ ನೋಯಿಸಿದೆನೇ, ಮಾತು ಹೆಚ್ಚಾಯಿತೇ ಎಂದು ನೋಡುತ್ತೇನೆ. ಮೂರು ವರ್ಷದಿಂದ ಒಂದು ದಿನವೂ ತಪ್ಪಿಸಿಲ್ಲ. ಹೇಳಿಕೊಳ್ಳುವಂಥ ತಪ್ಪು ಒಂದೂ ಸಿಕ್ಕಿಲ್ಲ. ಆದರೆ ನಿನ್ನೆ ನಮ್ಮ ಅಡುಗೆಯ ಮುದುಕ, 'ನಿಮ್ಮ ನಾಲಿಗೆ ಮೊದಲಿನ ಹಾಗಿಲ್ಲ, ಹತ್ತಿರ ಬರೋಕೇ ಹೆದರಿಕೆಯಾಗುತ್ತೆ' ಅಂದುಬಿಟ್ಟ. ಇಷ್ಟು ನೋಡಿಕೊಂಡರೂ ನನ್ನ ಕಣ್ಣಿಗೆ ಬೀಳದ್ದು ಅವನ ಕಣ್ಣಿಗೆ ಹೇಗೆ ಬಿತ್ತು? ಅವನೇ ತಪ್ಪು ತಿಳಿದಿರಬೇಕಲ್ಲವೇ?"

"ಕೂತುಕೋ" ಎಂದು ಗುರುಗಳು ಈ ಕತೆ ಹೇಳಿದರು.

ಒಂದು ಪೇಟೆಯಲ್ಲಿ ಒಬ್ಬ ದರ್ಜಿ ಹೆಂಗಸಿದ್ದಳು. ಮೂವತ್ತು ವರ್ಷ ಹೊಲಿಗೆ ಮೆಷಿನ್ ತುಳಿದವಳು. ಅವಳು ಹೊಲಿದ ರವಿಕೆ ತೊಟ್ಟವರು ಇನ್ನೊಂದು ಅಂಗಡಿಯ ಮೆಟ್ಟಿಲು ಹತ್ತುತ್ತಿರಲಿಲ್ಲ. ಅವಳಿಗೆ ಗರ್ಭಕಂಠದ ಕ್ಯಾನ್ಸರ್ ಬಂತು. ಪುಣ್ಯಕ್ಕೆ ಬೇಗ ಗೊತ್ತಾಯಿತು. ಡಾಕ್ಟರು ಆಪರೇಷನ್ ಮಾಡಿ ಗರ್ಭಕೋಶವನ್ನೂ ಅದರ ಅಕ್ಕಪಕ್ಕದ ಗ್ರಂಥಿಗಳನ್ನೂ ತೆಗೆದರು. ಅವಳು ಉಳಿದುಕೊಂಡಳು.

ಮನೆಗೆ ಹೊರಡುವ ದಿನ ಆಸ್ಪತ್ರೆಯ ನರ್ಸ್ ಅವಳನ್ನು ಕೂರಿಸಿಕೊಂಡು ಬುದ್ಧಿ ಹೇಳಿದಳು. ಗ್ರಂಥಿ ತೆಗೆದ ಮೇಲೆ ಕಾಲಿನ ನೀರು ಮೇಲಕ್ಕೆ ಹೋಗುವ ದಾರಿ ಕಡಿಮೆಯಾಗುತ್ತದೆ. ಕೆಲವರಿಗೆ ನೀರು ಕಾಲಿನಲ್ಲೇ ನಿಂತು ಬಾವು ಬರುತ್ತದೆ. ಮೊದಲಲ್ಲೇ ಹಿಡಿದರೆ ಇಳಿಸಬಹುದು. ಬಿಟ್ಟರೆ ಗಟ್ಟಿಯಾಗಿ ಅಲ್ಲೇ ಉಳಿಯುತ್ತದೆ. ಕಣ್ಣಿಗೆ ಕಾಣುವ ತನಕ ಕಾಯಬಾರದು. ಮಂಡಿಯಿಂದ ಒಂದು ಗೇಣು ಕೆಳಗೆ, ತಿಂಗಳಿಗೊಮ್ಮೆ, ಎರಡೂ ಕಾಲನ್ನು ಟೇಪಿನಿಂದ ಅಳೆದು ಬರೆದಿಡಬೇಕು.

ದರ್ಜಿ ನಕ್ಕುಬಿಟ್ಟಳು. "ಟೇಪು ಹಿಡಿಯೋದನ್ನ ನನಗೆ ಹೇಳಿಕೊಡ್ತೀಯೇನಮ್ಮ?"

ನರ್ಸ್ ಕೂಡ ನಕ್ಕಳು. ಹೇಳಿಕೊಡದೆ ಕಳಿಸಿದಳು. ಎಡವಟ್ಟಾದದ್ದು ಅಲ್ಲೇ. ಏನೂ ಬಾರದವಳಾಗಿದ್ದರೆ ಹತ್ತು ಸಲ ಕೇಳಿ ಕಲಿತು ಹೋಗುತ್ತಿದ್ದಳು. ಕೈ ಪಳಗಿದವರ ವಿಷಯದಲ್ಲಿ ಹೇಳುವವರಿಗೂ ಸಂಕೋಚ, ಕೇಳುವವರಿಗೂ ಸಂಕೋಚ.

ದರ್ಜಿ ಮಾತು ತಪ್ಪುವವಳಲ್ಲ. ಪ್ರತಿ ತಿಂಗಳ ಮೊದಲ ಸೋಮವಾರ, ಎದ್ದ ಕೂಡಲೇ ಅಳೆದಳು. ಗಿರಾಕಿಗಳ ಅಳತೆ ಬರೆಯುವ ಪುಸ್ತಕದಲ್ಲೇ ತನಗೂ ಒಂದು ಪುಟ ಮಾಡಿಕೊಂಡಳು. ಅಷ್ಟು ವರ್ಷದಲ್ಲಿ ಆ ಪುಸ್ತಕದಲ್ಲಿ ಅವಳ ಹೆಸರು ಬಂದದ್ದು ಅದೇ ಮೊದಲು. ಬಲಗಾಲು ಹದಿನಾಲ್ಕು ಇಂಚು, ಎಡಗಾಲು ಹದಿನಾಲ್ಕು ಇಂಚು. ಮುಂದಿನ ತಿಂಗಳೂ ಅಷ್ಟೇ. ಅದರ ಮುಂದಿನ ತಿಂಗಳೂ ಅಷ್ಟೇ. ಸಂಜೆಯ ಹೊತ್ತಿಗೆ ಎಡಗಾಲು ಭಾರವೆನಿಸುತ್ತಿತ್ತು. ದಿನವೆಲ್ಲ ಮೆಷಿನ್ ತುಳಿದ ಕಾಲು ಭಾರವಾಗದೆ ಇರುತ್ತದೆಯೇ ಎಂದುಕೊಂಡಳು. ಆದರೂ ಪುಸ್ತಕ ತೆಗೆದು ನೋಡಿದಳು. ಹದಿನಾಲ್ಕೇ ಇತ್ತು. ಸಮಾಧಾನವಾಯಿತು.

ಆರು ತಿಂಗಳಾದ ಮೇಲೆ ಆಸ್ಪತ್ರೆಗೆ ಹೋದಳು. ಡಾಕ್ಟರು ಪರೀಕ್ಷೆ ಮಾಡಿ, ಕ್ಯಾನ್ಸರಿನ ಸುಳಿವೂ ಇಲ್ಲ ಎಂದರು. ಅವಳು ಖುಷಿಯಾಗಿ ಬಂದು ಪುಸ್ತಕವನ್ನು ನರ್ಸಿನ ಮುಂದಿಟ್ಟಳು. ನರ್ಸ್ ಆ ಪುಟ ನೋಡಿದಳು, ತನ್ನ ಫೈಲನ್ನೂ ನೋಡಿದಳು. ಆಪರೇಷನ್ನಿಗೆ ಮೊದಲು ತಾನೇ ಅಳೆದಾಗ ಎರಡೂ ಕಾಲು ಹದಿಮೂರು ಇಂಚು ಇದ್ದವು. ಇಲ್ಲಿ ಮೊದಲ ತಿಂಗಳಿನಿಂದಲೇ ಹದಿನಾಲ್ಕು. ಎರಡು ಕಾಲೂ ಒಟ್ಟಿಗೇ ಒಂದು ಇಂಚು ದಪ್ಪವಾಗಿ, ಆಮೇಲೆ ಕೂದಲೆಳೆಯಷ್ಟೂ ಕದಲದೆ ನಿಂತಿರುವುದು ಅವಳಿಗೆ ಸರಿ ಕಾಣಲಿಲ್ಲ. "ಅಕ್ಕ, ನನ್ನೆದುರಿಗೆ ಒಂದು ಸಲ ಅಳೀರಿ" ಎಂದಳು.

ದರ್ಜಿ ಬಲಗಾಲಿಗೆ ಟೇಪು ಸುತ್ತಿದಳು. ಒಳಗೆ ಎರಡು ಬೆರಳು ತೂರಿಸಿ, ಹದಿನಾಲ್ಕು ಎಂದಳು. ಎಡಗಾಲಿಗೆ ಸುತ್ತಿದಳು. ಒಂದು ಬೆರಳೂ ಪೂರ್ತಿ ಹೋಗಲಿಲ್ಲ, ತುದಿ ಮಾತ್ರ ಹೋಯಿತು. ಆಗಲೂ ಹದಿನಾಲ್ಕು ಎಂದಳು.

"ಬೆರಳು ಯಾಕಕ್ಕ ಒಳಗೆ?"

"ಎರಡು ಬೆರಳು ಸಡಿಲ ಬಿಡಬೇಕಲ್ಲಮ್ಮ. ಮೈಗೆ ಕಚ್ಚಿಕೊಂಡ್ರೆ ಯಾರು ತೊಡ್ತಾರೆ?"

"ನಾವು ಕಾಲಿಗೆ ರವಿಕೆ ಹೊಲೀತಾ ಇಲ್ಲ ಅಕ್ಕ."

ನರ್ಸ್ ಟೇಪನ್ನು ತಾನೇ ತೆಗೆದುಕೊಂಡಳು. ಒತ್ತದೆ, ಸಡಿಲವನ್ನೂ ಬಿಡದೆ ಅಳೆದಳು. ಬಲಗಾಲು ಹದಿಮೂರು. ಎಡಗಾಲು ಹದಿಮೂರು ಮುಕ್ಕಾಲು.

ದರ್ಜಿ ಸುಳ್ಳು ಬರೆದವಳಲ್ಲ. ಕಾಲು ಊದಿಕೊಳ್ಳುತ್ತ ಬಂದ ಹಾಗೆ ಬೆರಳು ತಾನಾಗಿ ಹೊರಗೆ ಸರಿದು ಜಾಗ ಬಿಟ್ಟುಕೊಟ್ಟಿತ್ತು. ಅವಳು ಅಂಕಿಯನ್ನು ನೋಡಿದಳು, ಬೆರಳನ್ನು ನೋಡಲಿಲ್ಲ. ಬೇರೆಯವರ ಮೈಗೆ ಹಿತವಾಗಲಿ ಎಂದು ಮೂವತ್ತು ವರ್ಷ ಕಲಿತ ಕೈ ಅದು, ತನ್ನ ಕಾಲಿಗೂ ಅದೇ ಉಪಕಾರ ಮಾಡಿತ್ತು. ಇನ್ನು ಮೆಷಿನ್ ತುಳಿಯುವುದು ಮುಗಿದೇ ಹೋಯಿತು ಎಂದು ಅವಳಿಗೆ ಅಳು ಬಂತು.

ನರ್ಸ್ ಎಡಗಾಲನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದಳು. ಸಣ್ಣದೊಂದು ಕುಳಿ ಬಿತ್ತು. ಬಾವು ಇನ್ನೂ ಮೆತ್ತಗಿತ್ತು, ಗಟ್ಟಿಯಾಗಿರಲಿಲ್ಲ. ಬಿಗಿಯಾದ ಕಾಲುಚೀಲ ಕೊಟ್ಟರು. ಮಲಗುವಾಗ ಕಾಲನ್ನು ದಿಂಬಿನ ಮೇಲೆ ಇಡಬೇಕೆಂದರು. ಮೆಲ್ಲಗೆ ಮೇಲ್ಮುಖವಾಗಿ ನೀವುವುದನ್ನು ತೋರಿಸಿದರು. ಈ ಸಲ ದರ್ಜಿ ನಗಲಿಲ್ಲ. ಬಿಡಿಸಿ ಬಿಡಿಸಿ ಕೇಳಿ, ಮಾಡಿ ತೋರಿಸಿ, ಸರಿ ಎನಿಸಿಕೊಂಡೇ ಎದ್ದಳು. ಮೂರು ತಿಂಗಳಲ್ಲಿ ಅರ್ಧ ಇಂಚು ಇಳಿಯಿತು. ಉಳಿದ ಚೂರು ಉಳಿಯಿತು, ಅದು ಇರಲಿ ಬಿಡು. ಅವಳು ಈಗಲೂ ಮೆಷಿನ್ ತುಳಿಯುತ್ತಾಳೆ. ರವಿಕೆಗೆ ಸಡಿಲ ಬಿಡುತ್ತಾಳೆ, ಕಾಲಿಗೆ ಬಿಡುವುದಿಲ್ಲ. ಚೆನ್ನಾಗಿದ್ದಾಳೆ.

ಗುರುಗಳು ಕತೆ ಮುಗಿಸಿದರು. ಶಿಷ್ಯನಿಗೆ ಕತೆ ಬಹಳ ಹಿಡಿಸಿತು. "ತಿಳಿಯಿತು ಬುದ್ಧೀ. ಇನ್ನು ಮೇಲೆ ಸಂಜೆಯ ಜೊತೆಗೆ ಬೆಳಗ್ಗೆಯೂ ಒಂದು ಸಲ ನನ್ನನ್ನು ಪರೀಕ್ಷೆ ಮಾಡಿಕೊಳ್ಳುತ್ತೇನೆ" ಎಂದ.

ಗುರುಗಳು ಕೇಳಿದರು: "ಅಡುಗೆಯವನು ನಿನಗೆ ಅಂದದ್ದನ್ನೆಲ್ಲ ಹೇಳಿದೆಯಲ್ಲ, ಅದಕ್ಕೆ ಮೊದಲು ನೀನು ಅವನಿಗೆ ಏನಂದಿದ್ದೆ?"