ನಿಂಬೆವ್ವನ ತಪ್ಪು ಕಥೆ

ಶಾಲೆಯ ಬಿಸಿಯೂಟಕ್ಕೆ ಅಡುಗೆ ಮಾಡುವ ನಿಂಬೆವ್ವನಿಗೆ ಓದು ಬಾರದು. ಆದರೆ ಅವಳಪ್ಪ ಕಟ್ಟೆಯ ಮೇಲೆ ಕೂತು ರಾಗವಾಗಿ ಓದುತ್ತಿದ್ದ ಹಳೆಯ ಕಾವ್ಯವೆಲ್ಲ ಬಾಯಿಪಾಠ. ಶಾಲೆಯ ಕಪಾಟಿನಲ್ಲಿದ್ದ ಅಂಥ ಕಾವ್ಯದ ಪುಸ್ತಕಗಳನ್ನೇ ಹೆಡ್‌ಮಾಸ್ತರರು ಒಂದು ದಿನ ಚೀಲಕ್ಕೆ ತುಂಬತೊಡಗಿದರು.

"ಯಾವ ಹುಡುಗ್ರೂ ಮುಟ್ಟೂದಿಲ್ಲ. ಶನಿವಾರ ರದ್ದಿಗೆ ಹಾಕ್ತೀನಿ."

"ಬ್ಯಾಡ್ರಿ ಸರ, ಓದ್ತಾರ."

"ನನ್ನ ಕೈಲಾಗದ್ದು, ಸಾರು ಬಡಿಸೋ ನಿನ್ನ ಕೈಲಿ ಆಗ್ತದೇನು? ಓದಿಸು ನೋಡೋಣ!"

ನಿಂಬೆವ್ವ ಸೌಟು ಹಿಡಿದಳು. ಅಂದು ಬಡಿಸುತ್ತ ಬಡಿಸುತ್ತ ಕಥೆ ಶುರು ಮಾಡಿದಳು. ರಾಜ ಸೆರೆಯಾದ, ವೈರಿ ಕೋಟೆಗೆ ಮುತ್ತಿಗೆ ಹಾಕಿದ. "ಆಮ್ಯಾಲ ರಾಣಿ ಅಂಜಿ ತವರಿಗೆ ಓಡಿಹೋದ್ಲು. ಮುಗೀತು, ಏಳ್ರಿ."

"ಸುಳ್ಳು, ಅಜ್ಜಿ! ರಾಣಿ ಎಲ್ಲ್ಯಾರ ಓಡ್ತಾಳೇನು?" ಏಳನೆಯ ತರಗತಿಯ ದಿಲ್ಶಾದ್ ಎದ್ದು ನಿಂತಳು.

"ನನಗ ಅಕ್ಷರ ಬರೂದಿಲ್ಲವ್ವಾ. ಪುಸ್ತಕ ಚೀಲದಾಗೈತಿ, ನೀನೇ ನೋಡು."

ಕೈ ತೊಳೆದವರೇ ಹುಡುಗರು ಚೀಲ ಬಿಚ್ಚಿದರು. ಅಕ್ಷರ ಕೂಡಿಸಿ ಕೂಡಿಸಿ ಓದಿದರು. ರಾಣಿ ಕುದುರೆ ಏರಿದ್ದಳು! ಮರುದಿನ ನಿಂಬೆವ್ವ ಆ ಕುದುರೆಯನ್ನು ಸಾಯಿಸಿದಳು. ಹುಡುಗರು ಓದಿ ಬದುಕಿಸಿಕೊಂಡು ಬಂದರು.

ಶನಿವಾರ ಮಾಸ್ತರರು ಕೆಂಡವಾಗಿ ಬಂದರು. "ತಪ್ಪು ಕಥಿ ಹೇಳ್ತೀಯಂತಲ್ಲ!"

"ಹಂಗಾದ್ರ ಖರೇದ್ದು ನೀವ ಹೇಳ್ರಿ ಸರ. ರಾಜನ್ನ ಬಿಡಿಸಿದವ್ರು ಯಾರು?"

ಮಾಸ್ತರರು ಗಂಟಲು ಸರಿಮಾಡಿಕೊಂಡರು. "ಮತ್ಯಾರು, ಸೇನಾಪತಿ."

"ಅಲ್ರೀ ಸರ, ಮಾವುತ!" ಊಟಕ್ಕೆ ಕೂತಿದ್ದ ಹುಡುಗರ ಇಡೀ ಸಾಲೇ ಕೂಗಿತು.

ಮಾಸ್ತರರು ಪುಸ್ತಕ ತಿರುವಿದರು. ನಿಂತಲ್ಲೇ ನಾಲ್ಕು ಪುಟ ಓದಿದರು. ಆಮೇಲೆ ನಕ್ಕು, ಪುಸ್ತಕ ಬಗಲಿಗಿಟ್ಟುಕೊಂಡು ಮನೆಯ ದಾರಿ ಹಿಡಿದರು.

"ಸೋಮವಾರ ಮರೀದ ತರ್ರಿ ಸರ," ನಿಂಬೆವ್ವ ಹಿಂದಿನಿಂದ ಕೂಗಿದಳು, "ಹುಡುಗ್ರು ಪಾಳಿ ಹಚ್ಚ್ಯಾರ!"